ಸೊರಬದಲ್ಲಿ ಪಕ್ಷ ಬದಲಾಗುತ್ತೆ, ಮನೆ ಬದಲಾಗಲ್ಲ. ಯಾಕೆ?

ದಂಡಾವತಿ ದಂಡೆ
ಶಿವಮೊಗ್ಗ ಜಿಲ್ಲೆಯ ಸೊರಬದ ಶಾಸಕ, 2023ರಲ್ಲಿ ಶಾಲಾ ಶಿಕ್ಷಣ ಸಚಿವರಾದ ಮಧು ಬಂಗಾರಪ್ಪನವರ ಬಗ್ಗೆ ಇಲ್ಲಿ ಬಿಡಿಬಿಡಿಯಾಗಿ ಜಗಳ ನಡೀತಾನೇ ಇರುತ್ತೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಒಂದು ಸುತ್ತು, ಲೋಕಸಭೆ ಚುನಾವಣೆ ಬಂದಾಗ ಇನ್ನೊಂದು ಸುತ್ತು. ಒಂದೇ ಕಡೆ ಕೂತು ಮಾತಾಡಿಬಿಡೋಣ ಅಂತ ಈ ಎಳೆ ಶುರು ಮಾಡ್ತಿದೀನಿ.

ಗೊತ್ತಿಲ್ಲದವರಿಗೆ ಮೊದಲು ಹಿನ್ನೆಲೆ. 1967ರಲ್ಲಿ ಅವರ ತಂದೆ, ಮುಂದೆ ಮುಖ್ಯಮಂತ್ರಿಯಾದ ಎಸ್. ಬಂಗಾರಪ್ಪ ಸೊರಬದಿಂದ ಮೊದಲ ಸಲ ಗೆದ್ದರು. ಅಲ್ಲಿಂದ 1994ರವರೆಗೆ ಸತತ ಏಳು ಗೆಲುವು. 1996ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ಉಪಚುನಾವಣೆಯಲ್ಲಿ ಹಿರಿಮಗ ಕುಮಾರ್ ಬಂಗಾರಪ್ಪ ಗೆದ್ದರು. 1999, 2004ರಲ್ಲೂ ಅವರೇ. 2008ರಲ್ಲಿ ಬಿಜೆಪಿಯ ಹರತಾಳು ಹಾಲಪ್ಪ. 2013ರಲ್ಲಿ ಕಿರಿಮಗ ಮಧು, ಜೆಡಿಎಸ್‌ನಿಂದ. 2018ರಲ್ಲಿ ಮತ್ತೆ ಕುಮಾರ್, ಈ ಸಲ ಬಿಜೆಪಿಯಿಂದ. 2023ರಲ್ಲಿ ಮತ್ತೆ ಮಧು, ಈ ಸಲ ಕಾಂಗ್ರೆಸ್‌ನಿಂದ, ಸುಮಾರು 44 ಸಾವಿರ ಮತಗಳ ಅಂತರದಲ್ಲಿ.

ಅಂದ್ರೆ 1967ರಿಂದ ಇವತ್ತಿನವರೆಗೆ ಆ ಮನೆಯವರಲ್ಲದ ಶಾಸಕ ಇದ್ದದ್ದು ಒಂದೇ ಒಂದು ಅವಧಿ. ನನ್ನ ವಯಸ್ಸಿನವರು ಎಷ್ಟೋ ಸಲ ಮತ ಹಾಕಿದೀವಿ, ಎದುರಾಳಿಗಳು ಕೂಡ ಅಣ್ಣತಮ್ಮಂದಿರೇ. ಇದನ್ನ ಏನಂತ ಅರ್ಥ ಮಾಡ್ಕೊಳೋದು? ಜನರೇ ಬಯಸಿ ಆರಿಸಿದ್ದಾ, ಇಲ್ಲಾ ಬೇರೆ ಗತಿ ಇಲ್ಲದೆ ಆರಿಸಿದ್ದಾ? ದಯವಿಟ್ಟು ಬೈಗುಳ ಬೇಡ.

ಅಡಕೆ ಚೀಲ
ಗತಿ ಇಲ್ದೆ. ಮುಗೀತು, ಎಳೆ ಮುಚ್ಚಿ.

ಕೆಂಪು ಟೋಪಿ
ಅಷ್ಟು ಬೇಗ ಮುಚ್ಚೋ ವಿಷಯ ಅಲ್ಲ ಮಾರಾಯ್ರೆ. 1967ರ ಗೆಲುವನ್ನ ಕುಟುಂಬ ರಾಜಕಾರಣದ ಲೆಕ್ಕಕ್ಕೆ ಸೇರಿಸಬೇಡಿ. ಬಂಗಾರಪ್ಪನವರಿಗೆ ರಾಜಕಾರಣಿ ಅಪ್ಪ ಇರಲಿಲ್ಲ. ಕುಬಟೂರಿನಿಂದ ಬಂದು ವಕೀಲಿಕೆ ಓದಿ, ಸಂಯುಕ್ತ ಸಮಾಜವಾದಿ ಪಕ್ಷದಿಂದ ನಿಂತು ಗೆದ್ದವರು. ಅದರ ಹಿಂದೆ ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹ ಇದೆ, 1952ರಲ್ಲಿ ಗೆದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಇದ್ದಾರೆ, ಆ ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾದ ಲೋಹಿಯಾ ಇದ್ದಾರೆ. ಗೇಣಿ ಗದ್ದೆ ಉಳ್ತಿದ್ದ ದೀವರ ಸಮುದಾಯದವರು, ಒಡೆಯರ ಮನೆ ಅಂಗಳದಲ್ಲಿ ನಿಂತು ಮಾತಾಡಬೇಕಿದ್ದ ಜನ, ತಮ್ಮವನೊಬ್ಬ ವಿಧಾನಸೌಧಕ್ಕೆ ಹೋಗ್ತಾನೆ ಅಂದಾಗ ಏನನ್ನಿಸಿರಬೇಕು ಯೋಚನೆ ಮಾಡಿ. ಆ ಮತ ಒಬ್ಬ ವ್ಯಕ್ತಿಗೆ ಮಾತ್ರ ಬಿದ್ದದ್ದಲ್ಲ.

ಆಮೇಲೆ 1974ರ ಭೂಸುಧಾರಣೆ ತಿದ್ದುಪಡಿ. ನಮ್ಮ ಸೀಮೆಯಲ್ಲಿ ಗೇಣಿ ಗದ್ದೆ ಎಷ್ಟು ಜನರ ಕೈಗೆ ಬಂತು ಅನ್ನೋದನ್ನ ಈಗಿನ ಹುಡುಗರಿಗೆ ಹೇಳಿದ್ರೆ ಕಥೆ ಅನ್ಕೋತಾರೆ. ದೇವರಾಜ ಅರಸು ಮಾಡಿದ ಕಾನೂನು ಹೌದು, ಆದ್ರೆ ಊರಲ್ಲಿ ಅದರ ಹೆಸರು ಹೋದದ್ದು ಕಾಗೋಡು ತಿಮ್ಮಪ್ಪ, ಬಂಗಾರಪ್ಪ ಇಂಥವರ ಜತೆ.

ಅಡಕೆ ಚೀಲ
ಕೆಂಪು ಟೋಪಿಯವರೇ, ಅದು ಅಪ್ಪನ ಸಂಪಾದನೆ. ನಾನು ಕೇಳ್ತಿರೋದು ಮಕ್ಕಳದ್ದು. ಗೇಣಿ ಹೋರಾಟದಲ್ಲಿ ಇವರಿಬ್ಬರೂ ಎಲ್ಲಿದ್ರು? ಒಬ್ಬರು ಸಿನಿಮಾ ನಾಯಕನಟರು, ಇನ್ನೊಬ್ಬರು ಸಿನಿಮಾ ವ್ಯವಹಾರ. ಬೆಂಗಳೂರಲ್ಲೇ ಬೆಳೆದವರು.

ಮತಪೆಟ್ಟಿಗೆ
ಭಾವನೆ ಪಕ್ಕಕ್ಕಿಟ್ಟು ಸ್ವಲ್ಪ ಲೆಕ್ಕ ನೋಡೋಣ. ನಾನು ಜಿಲ್ಲೆಯ ಫಲಿತಾಂಶಗಳನ್ನ ಹುಚ್ಚು ಹಿಡಿದವನ ಹಾಗೆ ಬರ್ದಿಟ್ಕೊಳೋನು.

ಎಲ್ಲರೂ ಮರೆತಿರೋದು 2004. ಅದೇ ಈ ಇಡೀ ಕಥೆಯ ಗಂಟು. ಬಂಗಾರಪ್ಪ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದರು. ಮಧು ಅಪ್ಪನ ಜತೆ. ಕುಮಾರ್ ಕಾಂಗ್ರೆಸ್‌ನಲ್ಲೇ ಉಳಿದರು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಸಚಿವರೂ ಆಗಿದ್ದವರು. ಸೊರಬದಲ್ಲಿ ಅಣ್ಣತಮ್ಮಂದಿರೇ ಎದುರುಬದುರು. ಅಪ್ಪನ ಆಶೀರ್ವಾದ ಇದ್ದದ್ದು ಮಧುಗೆ, ಗೆದ್ದದ್ದು ಕುಮಾರ್. ಹೆಸರೊಂದೇ ಸಾಕು ಅನ್ನೋರು ಇದಕ್ಕೆ ಉತ್ತರ ಹೇಳಬೇಕು. ಬಂಗಾರಪ್ಪ ಸ್ವತಃ ಬೇಡ ಅಂದವನಿಗೆ ಬಂಗಾರಪ್ಪನ ಕ್ಷೇತ್ರ ಮತ ಹಾಕಿತು.

ಅದೇ ವರ್ಷ ಬಿಜೆಪಿ ರಾಜ್ಯದಲ್ಲಿ 79 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷ ಆಯ್ತು. ಬಂಗಾರಪ್ಪನವರ ಶಿಷ್ಯರು ಹಾಲಪ್ಪ ಹೊಸನಗರದಿಂದ, ಬೇಳೂರು ಗೋಪಾಲಕೃಷ್ಣ ಸಾಗರದಿಂದ ಗೆದ್ದರು. ಬೇಳೂರು ಸೋಲಿಸಿದ್ದು ಸ್ವಂತ ಸಂಬಂಧಿ ಕಾಗೋಡು ತಿಮ್ಮಪ್ಪನವರನ್ನ. ಮುಂದಿನ ವರ್ಷವೇ ಬಂಗಾರಪ್ಪ ಬಿಜೆಪಿ ಬಿಟ್ಟು, ಲೋಕಸಭಾ ಸ್ಥಾನಕ್ಕೂ ರಾಜೀನಾಮೆ ಕೊಟ್ಟು, 2005ರ ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದ ಸೈಕಲ್ ಗುರುತಿನಿಂದ ಗೆದ್ದರು. ಕರ್ನಾಟಕದಲ್ಲಿ ಸೈಕಲ್ ಗುರುತಿಗೆ ಲೋಕಸಭೆ! ಆದ್ರೆ ಶಿಷ್ಯರು ಜತೆಗೆ ಬರಲಿಲ್ಲ, ಬಿಜೆಪಿಯಲ್ಲೇ ಉಳಿದರು.

2008ಕ್ಕೆ ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರವೇ ಹೋಯ್ತು. ಹಾಲಪ್ಪನವರಿಗೆ ಕ್ಷೇತ್ರ ಬೇಕಿತ್ತು, ಸೊರಬಕ್ಕೆ ಬಂದರು. ಅಣ್ಣ ಕಾಂಗ್ರೆಸ್, ತಮ್ಮ ಸಮಾಜವಾದಿ ಪಕ್ಷ, ಇಬ್ಬರೂ ಸೋತರು. ಗುರುವಿನ ಕ್ಷೇತ್ರವನ್ನ ಶಿಷ್ಯ ತಗೊಂಡ. ಅದೇ ಚುನಾವಣೆಯಲ್ಲಿ ಗುರು ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಎದುರು ನಿಂತು ಸೋತರು.

ಆನವಟ್ಟಿ ಹುಡುಗ
ಶಿಷ್ಯ ಅಂದಮೇಲೆ ಹಾಲಪ್ಪ ಗೆದ್ದಿದ್ದು ಕೂಡ ಅದೇ ಮನೆಯ ಕವಲೇ ಅಲ್ವಾ? ಅಲ್ಲಿಗೆ ಆ ಒಂದು ಅವಧಿಯೂ ಪೂರ್ತಿ ಹೊರಗಿನದಲ್ಲ 😄

ಮತಪೆಟ್ಟಿಗೆ
ಅದೂ ಒಂದು ವಾದವೇ. ನಾನು ಒಪ್ಪಲ್ಲ, ಯಾಕಂದ್ರೆ 2008ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಬಿಜೆಪಿ ಗಾಳಿ ಬಲವಾಗಿತ್ತು, ಯಡಿಯೂರಪ್ಪ ಮುಖ್ಯಮಂತ್ರಿ ಆಗ್ತಾರೆ ಅನ್ನೋ ಮಾತೇ ಮತ ತರ್ತಿತ್ತು. ಹಾಲಪ್ಪ ಆ ಗಾಳಿಯಲ್ಲಿ ಗೆದ್ದರು. ಆಮೇಲೆ ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದರು, 2013ರಲ್ಲಿ ಹಾಲಪ್ಪನೂ ಕೆಜೆಪಿಯಿಂದ ನಿಂತರು, ಎರಡನೇ ಸ್ಥಾನ. ಮೊದಲು ಮಧು. ಕಾಂಗ್ರೆಸ್‌ನ ಕುಮಾರ್ ಮೂರನೇ ಸ್ಥಾನ. ರಾಜ್ಯದಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ ವರ್ಷ ಅದು, ಸೊರಬದಲ್ಲಿ ಕಾಂಗ್ರೆಸ್ ಮೂರನೇದು!

ಮಂಡ್ಯದ ಕಬ್ಬು
ಹೊರಗಿನವನಾಗಿ ಒಂದು ಮಾತು. ಮಕ್ಕಳ ವಿಚಾರ ನಂಗೆ ಗೊತ್ತಿಲ್ಲ, ಆದ್ರೆ ನಮ್ಮ ಕಡೆ ಬಂಗಾರಪ್ಪನ ಹೆಸರು ಇನ್ನೂ ಇದೆ. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಾಗ ಸುಗ್ರೀವಾಜ್ಞೆ ತಂದ ಮುಖ್ಯಮಂತ್ರಿ ಅವರು. ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂತು, ಆಮೇಲೆ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಆಗಬಾರದ ಗಲಭೆಯೂ ಆಯ್ತು, ಅದನ್ನ ಹೊಗಳಲ್ಲ. ಆದ್ರೆ ಮಲೆನಾಡಿನ ಮನುಷ್ಯ ಕಾವೇರಿಗೆ ನಿಂತ ಅಂತ ನಮ್ಮ ದೊಡ್ಡೋರು ಹೇಳ್ತಾರೆ.

ಮೇಷ್ಟ್ರು
ಮುಖ್ಯಮಂತ್ರಿಯಾಗಿ ಅವರಿದ್ದದ್ದು 1990ರ ಅಕ್ಟೋಬರ್‌ನಿಂದ 1992ರ ನವೆಂಬರ್, ಎರಡು ವರ್ಷ ಚಿಲ್ಲರೆ. ಆ ಸಣ್ಣ ಅವಧಿಯಲ್ಲೇ ಆಶ್ರಯ ಮನೆ, ಆರಾಧನಾ, ಗ್ರಾಮೋದ್ಯೋಗಕ್ಕೆ ವಿಶ್ವ, ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಉಚಿತ ವಿದ್ಯುತ್, ಸರ್ಕಾರಿ ನೌಕರಿಗೆ ಗ್ರಾಮೀಣ ಕೃಪಾಂಕ. ಆರಾಧನಾ ಬಹಳ ಜಾಣ ಯೋಜನೆ. ಊರಿನ ಭೂತಪ್ಪನ ಗುಡಿ, ಮಾರಿಗುಡಿಗೆ ಒಂದಿಷ್ಟು ದುಡ್ಡು. ಮೊತ್ತ ದೊಡ್ಡದಲ್ಲ, ಆದ್ರೆ ಸರ್ಕಾರದ ದುಡ್ಡು ಕೇರಿಯ ದೇವರಿಗೆ ಬಂದದ್ದು ಅದೇ ಮೊದಲು ಅನ್ನೋ ಭಾವನೆ ಜನರಲ್ಲಿ ಉಳೀತು. ಈಗಲೂ ಎಷ್ಟೋ ಊರಲ್ಲಿ ಕೇರಿಗೆ "ಆಶ್ರಯ ಬಡಾವಣೆ" ಅಂತಲೇ ಹೆಸರು.

ಹೀಗಾಗಿ ಮಕ್ಕಳಿಗೆ ಸಿಕ್ಕಿದ್ದು ಬರೀ ಹೆಸರು ಅಂತ ನಾನು ಹೇಳಲ್ಲ. ಮನೆಮನೆಯಲ್ಲಿ ಒಂದು ಋಣದ ನೆನಪು, ಪ್ರತಿ ಊರಲ್ಲಿ ನಾಲ್ಕಾರು ಹಳೇ ಕಾರ್ಯಕರ್ತರು, ಫೋನ್ ಮಾಡಿದ್ರೆ ಬರೋ ಜನ. ಹೊಸಬನೊಬ್ಬ ಇದನ್ನ ಕಟ್ಟಬೇಕಂದ್ರೆ ಇಪ್ಪತ್ತು ವರ್ಷ ಬೇಕು.

ಅಡಕೆ ಚೀಲ
ಮೇಷ್ಟ್ರೆ, ಋಣ ಎಷ್ಟು ತಲೆಮಾರು ತೀರಿಸ್ಬೇಕು? ಬ್ಯಾಂಕ್ ಸಾಲಕ್ಕೂ ಒಂದು ಅವಧಿ ಅಂತ ಇರುತ್ತೆ.

ಶರಾವತಿ ಹಿನ್ನೀರು
😂😂

ಮೇಷ್ಟ್ರು
ತೀರಿದೆ ಅಂತ ಸೊರಬದ ಜನ ಆಗಾಗ ತೋರಿಸ್ತಾರಲ್ಲಪ್ಪ. 2004ರಿಂದ ಇಲ್ಲಿಯವರೆಗೆ ಒಬ್ಬ ಶಾಸಕ ಕೂಡ ಸತತ ಎರಡು ಸಲ ಗೆದ್ದಿಲ್ಲ. ಕುಮಾರ್, ಹಾಲಪ್ಪ, ಮಧು, ಕುಮಾರ್, ಮಧು. ಪ್ರತಿ ಸಲ ಇಳಿಸಿದ್ದಾರೆ.

ದಂಡಾವತಿ ದಂಡೆ
ಮೇಷ್ಟ್ರು ಹೇಳಿದ್ದು ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಏಳು ಸಲ ಸತತ, ಮಕ್ಕಳಿಗೆ ಐದೈದು ವರ್ಷಕ್ಕೊಮ್ಮೆ ನೋಟಿಸು. ಆಡಳಿತ ವಿರೋಧಿ ಮತಕ್ಕೂ ಅದೇ ಮನೆಯೊಳಗೆ ಒಂದು ಬಾಗಿಲು ತೆರೆದಿದೆ. ಅಣ್ಣನ ಮೇಲೆ ಸಿಟ್ಟು ಬಂದ್ರೆ ತಮ್ಮ, ತಮ್ಮನ ಮೇಲೆ ಸಿಟ್ಟು ಬಂದ್ರೆ ಅಣ್ಣ. ಅವರಿಬ್ಬರೂ ಒಂದೇ ಪಕ್ಷದಲ್ಲಿ ಒಟ್ಟಿಗೆ ಇದ್ದಿದ್ರೆ ಆ ಮನೆಯ ಹಿಡಿತ ಯಾವಾಗಲೋ ಹೋಗ್ತಿತ್ತು ಅಂತ ನನ್ನ ಅನುಮಾನ.

ಆನವಟ್ಟಿ ಹುಡುಗ
ಹಂಗಂತ ಬೇಕಂತಲೇ ಜಗಳ ಆಡ್ತಾರೆ ಅಂತೀರಾ? ಊರಲ್ಲಿ ಹಿಂಗೆ ಹೇಳೋರು ಇದಾರೆ, "ಎಲ್ಲಾ ನಾಟಕ" ಅಂತ.

ದಂಡಾವತಿ ದಂಡೆ
ಇಲ್ಲ, ಜಗಳ ನಿಜವೇ. ಪ್ರಚಾರದಲ್ಲಿ ಇಬ್ಬರೂ ಒಬ್ಬರ ಮೇಲೊಬ್ಬರು ಎಷ್ಟು ಕಟುವಾಗಿ ಮಾತಾಡಿದಾರೆ ಅನ್ನೋದು ಎಲ್ಲರೂ ಕೇಳಿದ್ದೇ. ಅದರಿಂದ ಆಗೋ ಪರಿಣಾಮ ಹೇಳಿದೆ ಅಷ್ಟೇ. ಮನೆಯ ಒಳಗಿನ ವಿಚಾರ ಇಲ್ಲಿ ಬೇಡ.

ನಿರ್ವಾಹಕ
ಸರಿಯಾದ ಮಾತು. ಆಸ್ತಿ, ಮನೆಜಗಳದ ಗಾಸಿಪ್ ಹಾಕಿದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಸಚಿವರ ತಲೆಗೂದಲು, ಕನ್ನಡ ಉಚ್ಚಾರದ ಟ್ರೋಲ್ ಚಿತ್ರಗಳಿಗೂ ಇಲ್ಲಿ ಜಾಗ ಇಲ್ಲ, ಅದಕ್ಕೆ ಬೇರೆ ಪುಟಗಳು ಸಾಕಷ್ಟಿವೆ.

ಬೆಂಗ್ಳೂರು ಸೇರಿದವ
ಮತಪೆಟ್ಟಿಗೆ ಅವರೇ, ಲೋಕಸಭೆ ಲೆಕ್ಕವೂ ಹಾಕಿ. ಅಲ್ಲಿ ಈ ಹೆಸರು ಯಾಕೆ ಕೆಲಸ ಮಾಡಲ್ಲ?

ಮತಪೆಟ್ಟಿಗೆ
ಹಾಕ್ತೀನಿ. ಅಪ್ಪನೇ ಶುರುವಿನಲ್ಲಿ: 1996ರಲ್ಲಿ ತಾವೇ ಕಟ್ಟಿದ ಪಕ್ಷದಿಂದ ಗೆಲುವು, 1998ರಲ್ಲಿ ಬಿಜೆಪಿಯ ಆಯನೂರು ಮಂಜುನಾಥ್ ಎದುರು ಸೋಲು, 1999 ಕಾಂಗ್ರೆಸ್‌ನಿಂದ ಗೆಲುವು, 2004 ಬಿಜೆಪಿಯಿಂದ ಗೆಲುವು, 2005 ಸಮಾಜವಾದಿ ಪಕ್ಷದಿಂದ ಗೆಲುವು. ನಾಲ್ಕು ಗೆಲುವು, ನಾಲ್ಕು ಪಕ್ಷ. 2009ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ನಿಂತು ಯಡಿಯೂರಪ್ಪನವರ ಮಗ ಬಿ.ವೈ. ರಾಘವೇಂದ್ರ ಎದುರು ಸುಮಾರು 52 ಸಾವಿರದಿಂದ ಸೋಲು. ಅದೇ ಅವರ ಕೊನೆಯ ಚುನಾವಣೆ. 2010ರ ಕೊನೆಗೆ ಜೆಡಿಎಸ್ ಸೇರಿದರು, 2011ರ ಡಿಸೆಂಬರ್ 26ಕ್ಕೆ ತೀರಿಕೊಂಡರು.

2014: ಮಗಳು ಗೀತಾ ಶಿವರಾಜಕುಮಾರ್, ಜೆಡಿಎಸ್. ಯಡಿಯೂರಪ್ಪ 3.63 ಲಕ್ಷದಿಂದ ಗೆದ್ದರು, ಗೀತಾ ಮೂರನೇ ಸ್ಥಾನ. 2018ರ ನವೆಂಬರ್ ಉಪಚುನಾವಣೆ: ಮಧು, ಜೆಡಿಎಸ್, ಕಾಂಗ್ರೆಸ್ ಬೆಂಬಲ, ರಾಘವೇಂದ್ರ ಎದುರು 52 ಸಾವಿರದಿಂದ ಸೋಲು. ಅಪ್ಪನಿಗೂ ಮಗನಿಗೂ ಒಬ್ಬನೇ ಎದುರಾಳಿ, ಹೆಚ್ಚುಕಮ್ಮಿ ಅದೇ ಅಂತರ! 2019: ಮಧು ಮತ್ತೆ, ಅಂತರ 2.23 ಲಕ್ಷ. 2024: ಗೀತಾ, ಕಾಂಗ್ರೆಸ್, ಅಂತರ 2.43 ಲಕ್ಷ. ಬಿಜೆಪಿಯಿಂದ ಬಂಡೆದ್ದ ಈಶ್ವರಪ್ಪ ಪಕ್ಷೇತರರಾಗಿ ನಿಂತರೂ ಬಿಜೆಪಿಗೆ ಏನೂ ಆಗಲಿಲ್ಲ.

ಕಾರಣ ಕ್ಷೇತ್ರದ ನಕ್ಷೆಯಲ್ಲೇ ಇದೆ. ಎಂಟು ವಿಧಾನಸಭಾ ಕ್ಷೇತ್ರ: ಶಿವಮೊಗ್ಗ, ಶಿವಮೊಗ್ಗ ಗ್ರಾಮಾಂತರ, ಭದ್ರಾವತಿ, ತೀರ್ಥಹಳ್ಳಿ, ಶಿಕಾರಿಪುರ, ಸೊರಬ, ಸಾಗರ, ಜತೆಗೆ ಉಡುಪಿ ಜಿಲ್ಲೆಯ ಬೈಂದೂರು. ಸೊರಬದ ಹೆಸರು ಬೈಂದೂರಿನ ಕಡಲತೀರಕ್ಕೆ ಎಷ್ಟು ಮುಟ್ಟುತ್ತೆ? ಶಿವಮೊಗ್ಗ ನಗರಕ್ಕೆ ಎಷ್ಟು? ಮೇಲಿಂದ ಎದುರು ಇರೋದೂ ಅಂಥದ್ದೇ ಇನ್ನೊಂದು ಮನೆ.

ಶರಾವತಿ ಹಿನ್ನೀರು
ಆ ಇನ್ನೊಂದು ಮನೆ ಬಗ್ಗೆ ಯಾರೂ ಮಾತಾಡ್ತಿಲ್ವಲ್ಲ! ಸೊರಬ ದಾಟಿದರೆ ಶಿಕಾರಿಪುರ. 1983ರಿಂದ ಯಡಿಯೂರಪ್ಪ, ನಡುವೆ 1999ರಲ್ಲಿ ಒಂದು ಸೋಲು. 2014ರಲ್ಲಿ ಅವರು ಲೋಕಸಭೆಗೆ ಹೋದಾಗ ಉಪಚುನಾವಣೆಯಲ್ಲಿ ರಾಘವೇಂದ್ರ. 2023ರಲ್ಲಿ ವಿಜಯೇಂದ್ರ, ಅದೂ 11 ಸಾವಿರದ ಅಂತರ ಮಾತ್ರ, ಎದುರಿಗಿದ್ದದ್ದು ಪಕ್ಷೇತರ. ಒಬ್ಬ ಮಗ ಸಂಸದ, ಇನ್ನೊಬ್ಬ ಶಾಸಕ. ಅಕ್ಕಪಕ್ಕದ ಎರಡು ತಾಲ್ಲೂಕು, ಇಬ್ಬರು ಮುಖ್ಯಮಂತ್ರಿಗಳು, ಎರಡು ಮನೆ. ಕುಟುಂಬ ರಾಜಕಾರಣ ಅಂತ ಒಬ್ಬರನ್ನೇ ಬೈದರೆ ನ್ಯಾಯ ಅಲ್ಲ.

ವ್ಯತ್ಯಾಸ ಒಂದಿದೆ, ಅದನ್ನೂ ಹೇಳ್ತೀನಿ. ಶಿಕಾರಿಪುರದ ಮನೆ ಒಂದು ಪಕ್ಷವನ್ನ ಹಿಡಿದುಕೊಂಡಿತು, ಕೆಜೆಪಿಯ ಸ್ವಲ್ಪ ಸಮಯ ಬಿಟ್ಟರೆ. ಸೊರಬದ ಮನೆ ಪಕ್ಷಗಳನ್ನ ಬದಲಾಯಿಸ್ತಾ ಹೋಯ್ತು. ಬಂಗಾರಪ್ಪ ಸಮಾಜವಾದಿ, ಕಾಂಗ್ರೆಸ್, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್, 1994ರಲ್ಲಿ ಸ್ವಂತದ ಕೆಸಿಪಿ (ಕರ್ನಾಟಕ ಕಾಂಗ್ರೆಸ್ ಪಕ್ಷ) ಕಟ್ಟಿ 10 ಸ್ಥಾನ, ಆಮೇಲೆ ಕೆವಿಪಿ (ಕರ್ನಾಟಕ ವಿಕಾಸ ಪಕ್ಷ), ಕಾಂಗ್ರೆಸ್, ಬಿಜೆಪಿ, ಸಮಾಜವಾದಿ, ಕಾಂಗ್ರೆಸ್, ಜೆಡಿಎಸ್. ಬರೆಯೋಕೇ ಸುಸ್ತಾಗುತ್ತೆ.

ಕೆಂಪು ಟೋಪಿ
1983ನ್ನ ಮರೆಯಬೇಡಿ. ಕ್ರಾಂತಿರಂಗ ಮತ್ತು ಜನತಾ ಸೇರಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ತಂದದ್ದು. ಮುಖ್ಯಮಂತ್ರಿ ಬಂಗಾರಪ್ಪ ಆಗ್ತಾರೆ ಅಂತ ಊರೆಲ್ಲ ಕಾಯ್ತಿತ್ತು, ಆದದ್ದು ರಾಮಕೃಷ್ಣ ಹೆಗಡೆ. ಆ ಗಾಯ ಸೊರಬದ ಹಳೇ ತಲೆಗಳಿಗೆ ಇವತ್ತಿಗೂ ಇದೆ. "ನಮ್ಮವನಿಗೆ ತಪ್ಪಿಸಿದರು" ಅನ್ನೋ ಆ ಭಾವನೆಯೇ ಅವರು ಆಮೇಲೆ ಯಾವ ಪಕ್ಷಕ್ಕೆ ಹೋದರೂ ಜನ ಹಿಂದೆ ಬರೋ ಹಾಗೆ ಮಾಡಿತು. ಪಕ್ಷಗಳೇ ಮೋಸ ಮಾಡಿದವು ಅಂದ್ಮೇಲೆ ಪಕ್ಷ ಬಿಟ್ಟರೆ ತಪ್ಪೇನು ಅಂತ.

ಅಡಕೆ ಚೀಲ
ಇದು ಅಪ್ಪನ ವಿಷಯ, ಮತ್ತೆ ಅಪ್ಪನ ವಿಷಯ! ಮಧು ಬಗ್ಗೆ ಹೇಳಿ ಅಂದ್ರೆ ಎಲ್ಲರೂ 1983ಕ್ಕೆ ಓಡ್ತೀರಿ. ಅದೇ ಸಮಸ್ಯೆ ಕಣ್ರೀ.

ಹಾಲು ಡೈರಿ ಅಕ್ಕ
ನಾನು ಹೇಳ್ತೀನಿ ಮಧು ಬಗ್ಗೆ. 2018ರಲ್ಲಿ ಸೋತ ಮೇಲೂ ಊರಿಗೆ ಬರೋದು ಬಿಡಲಿಲ್ಲ. ಅದೇ ವರ್ಷ 13 ಸಾವಿರ ಅಂತರದಲ್ಲಿ ಅಣ್ಣನ ಎದುರು ಸೋಲು, ಆರು ತಿಂಗಳಲ್ಲಿ ಲೋಕಸಭೆ ಸೋಲು, ಮುಂದಿನ ವರ್ಷ ಮತ್ತೆ ಲೋಕಸಭೆ ಸೋಲು. ಒಂದು ವರ್ಷದೊಳಗೆ ಮೂರು ಸೋಲು. ಬೇರೆ ಯಾರಾದ್ರೂ ಆಗಿದ್ರೆ ಮನೆ ಸೇರ್ತಿದ್ರು. ಇವರು ಮದುವೆ, ತಿಥಿ, ಗೃಹಪ್ರವೇಶ ಅಂತ ಓಡಾಡಿದ್ರು. ಬಗರ್‌ಹುಕುಂ ಅರ್ಜಿ ಹಿಡ್ಕೊಂಡು ಬಂದೋರ ಜತೆ ಮಾತಾಡೋರು. ಅದು ಹೆಸರಿನಿಂದ ಬರೋ ಕೆಲಸ ಅಲ್ಲ, ಕಾಲು ಸವೆಸಿದ್ದು.

ಬೆಂಗ್ಳೂರು ಸೇರಿದವ
ಅಕ್ಕ, ಮೂರು ಸಲ ಸೋತರೂ ಮತ್ತೆ ಟಿಕೆಟ್ ಸಿಗೋದೇ ಹೆಸರಿನಿಂದ ಅಲ್ವಾ? ಸಾಮಾನ್ಯ ಕಾರ್ಯಕರ್ತ ಒಂದು ಸಲ ಸೋತರೆ ಪಕ್ಷ ಅವನ ಫೋನ್ ಎತ್ತಲ್ಲ. ವಿಧಾನಸಭೆಗೆ ಕಾನೂನಿನ ಪ್ರಕಾರ ಖರ್ಚಿನ ಮಿತಿಯೇ 40 ಲಕ್ಷ, ಲೋಕಸಭೆಗೆ 95 ಲಕ್ಷ. ಮಿತಿಯೊಳಗೇ ಖರ್ಚು ಮಾಡಿದ್ರೂ ಒಂದು ವರ್ಷದಲ್ಲಿ ಮೂರು ಚುನಾವಣೆ ತಡ್ಕೊಳೋ ಶಕ್ತಿ ಯಾರಿಗಿದೆ? ಸೋಲನ್ನ ತಡೆದುಕೊಳ್ಳೋ ಶಕ್ತಿಯೇ ಮನೆತನದ ಆಸ್ತಿ.

ಹಾಲು ಡೈರಿ ಅಕ್ಕ
ಅದು ಹೌದು, ಅದಕ್ಕೆ ನಾನೇನೂ ಇಲ್ಲ ಅನ್ನಲ್ಲ. ಆದ್ರೆ ಅದೇ ಮನೆಯಲ್ಲಿ ಹೆಣ್ಣುಮಗಳಿಗೆ ಸಿಕ್ಕಿದ್ದು ನೋಡಿ. ಗಂಡುಮಕ್ಕಳಿಬ್ಬರಿಗೂ ಸೊರಬ, ಗೆಲ್ಲೋ ಕ್ಷೇತ್ರ. ಗೀತಾಗೆ ಎರಡು ಸಲವೂ ಲೋಕಸಭೆ. ಒಂದು ಸಲ ಯಡಿಯೂರಪ್ಪ ಎದುರು, ಇನ್ನೊಂದು ಸಲ ಅವರ ಮಗನ ಎದುರು. ಡಾ. ರಾಜ್‌ಕುಮಾರ್ ಸೊಸೆ ಅಂತ ಜನ ನೋಡೋಕೆ ಬಂದ್ರು, ಶಿವಣ್ಣ ಬಂದು ಪ್ರಚಾರ ಮಾಡಿದ್ರು, ಮತ ಬೇರೆ ಕಡೆ ಹೋಯ್ತು. ಅಪ್ಪನ ಕ್ಷೇತ್ರದ ಪಾಲಲ್ಲಿ ಮಗಳ ಹೆಸರು ಯಾರೂ ಎತ್ತಲೂ ಇಲ್ಲ.

ಶರಾವತಿ ಹಿನ್ನೀರು
ಇದು ನಾನು ಎಲ್ಲೂ ಓದಿರದ ಮಾತು. 👏

ಮೇಷ್ಟ್ರು
ಇಲಾಖೆಯ ವಿಷಯಕ್ಕೆ ಬರ್ತೀನಿ, ಅದು ನನ್ನ ಅನ್ನದ ಪ್ರಶ್ನೆ. 2023ರ ಮೇನಲ್ಲಿ ಮಧು ಶಾಲಾ ಶಿಕ್ಷಣ ಸಚಿವರಾದರು. ಮೊದಲ ಸಲ ಮಂತ್ರಿ, ಅದರಲ್ಲೂ ಅತಿ ದೊಡ್ಡ ಇಲಾಖೆ. ಮಾಡಿದ ಕೆಲಸದಲ್ಲಿ ನನಗೆ ಒಳ್ಳೇದು ಅನ್ನಿಸಿದ್ದು ಮೊಟ್ಟೆ. ವಾರಕ್ಕೆ ಎರಡು ದಿನ ಇದ್ದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ ಆರು ದಿನ ಆಯ್ತು. ಅಡುಗೆಯವರಿಗೆ ಕೆಲಸ ಜಾಸ್ತಿ ಆಗಿದೆ, ಸಿಪ್ಪೆ ಸುಲಿಯೋದರ ಗೋಳು ಬೇರೆ, ಆದ್ರೆ ಮಕ್ಕಳ ತಟ್ಟೆಯಲ್ಲಿ ವ್ಯತ್ಯಾಸ ಕಾಣುತ್ತೆ.

ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದರು, ಪೂರಕ ಪರೀಕ್ಷೆ ಅನ್ನೋ ಅವಮಾನ ತಪ್ಪಿತು, ಅದೂ ಒಳ್ಳೇದೇ. ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಆಗ ಹೊರಬಿತ್ತು ನೋಡಿ ನಿಜ. 2023ರಲ್ಲಿ ಶೇ 83.89 ಇದ್ದ ಫಲಿತಾಂಶ 2024ರಲ್ಲಿ ಶೇ 73.40. ಅದೂ ಕೃಪಾಂಕವನ್ನ ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಕೃಪಾಂಕ ಇಲ್ಲದಿದ್ರೆ ಎಲ್ಲಿಗೆ ಬೀಳ್ತಿತ್ತೋ. ಮುಖ್ಯಮಂತ್ರಿಗಳೇ ಬಹಿರಂಗವಾಗಿ ಪ್ರಶ್ನೆ ಮಾಡಿದರು. ಕ್ಯಾಮೆರಾ ಹಾಕೋ ಧೈರ್ಯ ಮಾಡಿದವರು ಆ ಫಲಿತಾಂಶ ಎದುರಿಸೋ ಧೈರ್ಯ ಮಾಡಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ. ನಮ್ಮ ಜಿಲ್ಲೆ ಆ ವರ್ಷ ಉಡುಪಿ, ದಕ್ಷಿಣ ಕನ್ನಡದ ನಂತರ ಮೂರನೇ ಸ್ಥಾನದಲ್ಲಿತ್ತು ಅನ್ನೋದೊಂದು ಸಮಾಧಾನ.

5, 8, 9ನೇ ತರಗತಿಯ ಪಬ್ಲಿಕ್ ಪರೀಕ್ಷೆ ಮಾತ್ರ ಗೋಜಲು. ಹೈಕೋರ್ಟ್ ಒಂದು ಪೀಠ ಬೇಡ ಅಂತು, ಇನ್ನೊಂದು ಪೀಠ ಮಾಡಿ ಅಂತು, ಕೊನೆಗೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶ ತಡೆಹಿಡಿಯಿತು. ಪರೀಕ್ಷೆ ಬರೆದ ಮಕ್ಕಳಿಗೆ ಏನು ಹೇಳಬೇಕೋ ನಮಗೇ ಗೊತ್ತಿರಲಿಲ್ಲ. ಅತಿಥಿ ಶಿಕ್ಷಕರ ಮೇಲೆ ಶಾಲೆ ನಡೀತಿರೋದಂತೂ ಯಾವ ಸರ್ಕಾರ ಬಂದ್ರೂ ಅದೇ.

ಆನವಟ್ಟಿ ಹುಡುಗ
ಇಲಾಖೆ ರಾಜ್ಯದ್ದು. ತಾಲ್ಲೂಕಿಗೇನು ಬಂತು? ಮೂಡಿ, ಮೂಗೂರು ಏತ ನೀರಾವರಿ ಯಾರ ಕಾಲದ್ದು ಅಂತ ಎರಡೂ ಕಡೆಯವರು ಫ್ಲೆಕ್ಸ್ ಹಾಕ್ತಾರೆ. ಕುಮಾರಣ್ಣನ ಕಡೆಯವರು ಅವರು ಶಾಸಕರಾಗಿದ್ದಾಗ ಅಂತಾರೆ, ಮಧಣ್ಣನ ಕಡೆಯವರು ಅದಕ್ಕೂ ಮೊದಲೇ ನಾವು ಹೋರಾಡಿದ್ದು ಅಂತಾರೆ. ನಮಗೆ ಕೆರೆಗೆ ನೀರು ಬಂದ್ರೆ ಸಾಕು, ಫ್ಲೆಕ್ಸ್ ಯಾರದ್ದಾದ್ರೂ ಆಗಲಿ.

ದಂಡಾವತಿ ದಂಡೆ
ದಂಡಾವತಿ ಅಣೆಕಟ್ಟು ಬೇಡ ಅಂತ ಮುಳುಗಡೆ ಊರಿನವರು ಹೋರಾಟ ಮಾಡಿದ್ದು ಕೂಡ ನೆನಪಿರಲಿ. ಸೊರಬದಲ್ಲಿ ಎಲ್ಲ ರಾಜಕೀಯವೂ ಆ ಮನೆಯ ಸುತ್ತವೇ ಸುತ್ತುತ್ತೆ ಅಂದ್ಕೊಳ್ಳಬೇಡಿ. ಜನರ ಹೋರಾಟ ಬೇರೆ ಇವೆ. ಅವು ಚುನಾವಣೆಗೆ ಬರುವಷ್ಟರಲ್ಲಿ ಕರಗಿ ಹೋಗ್ತವೆ, ಅದೇ ಬೇಜಾರು.

ಬೆಂಗ್ಳೂರು ಸೇರಿದವ
ಕುಮಾರ್ ಬಂಗಾರಪ್ಪನವರ ಮುಂದಿನ ದಾರಿ ಏನು? ಬಿಜೆಪಿಯೊಳಗಿನ ಭಿನ್ನಮತದ ಯತ್ನಾಳ್ ಗುಂಪಿನ ಜತೆ ಓಡಾಡಿದ್ರು, ವಿಜಯೇಂದ್ರ ವಿರುದ್ಧ ಮಾತಾಡಿದ್ರು.

ಮತಪೆಟ್ಟಿಗೆ
2023ರಲ್ಲೇ ಅವರಿಗೆ ಸ್ವಂತ ಪಕ್ಷದೊಳಗೆ ಬಂಡಾಯ ಇತ್ತು. ಹಳೇ ಬಿಜೆಪಿಯವರು ಅವರನ್ನ ಒಳಗಿನವರು ಅಂತ ಯಾವತ್ತೂ ಒಪ್ಪಲಿಲ್ಲ. ಶಿವಮೊಗ್ಗ ಜಿಲ್ಲೆಯ ಬಿಜೆಪಿಯಲ್ಲಿ ಇದ್ದುಕೊಂಡು ಯಡಿಯೂರಪ್ಪನವರ ಮನೆಯನ್ನ ಎದುರು ಹಾಕ್ಕೊಂಡ್ರೆ ದಾರಿ ಕಷ್ಟ. ಆದ್ರೆ ಈ ಮನೆಯವರ ಬಗ್ಗೆ "ಮುಗೀತು" ಅಂತ ಬರೆದ ಎಷ್ಟೋ ಜನ ಆಮೇಲೆ ಸುಮ್ಮನಾಗಿದಾರೆ.

ಒಂದು ಗಮನಿಸಿ: 2018ರಲ್ಲಿ ಜೆಡಿಎಸ್ ಎರಡನೇ ಸ್ಥಾನ, ಕಾಂಗ್ರೆಸ್ ಮೂರನೇದು. 2021ರಲ್ಲಿ ಮಧು ಕಾಂಗ್ರೆಸ್ ಸೇರಿದ ಮೇಲೆ 2023ರಲ್ಲಿ ಜೆಡಿಎಸ್ ಲೆಕ್ಕಕ್ಕೇ ಇಲ್ಲ. ಅಂದ್ರೆ ಅದು ಯಾವತ್ತೂ ಜೆಡಿಎಸ್ ಮತ ಆಗಿರಲೇ ಇಲ್ಲ.

ಅಡಕೆ ಚೀಲ
ಸರಿ, ಹಾಗಾದ್ರೆ ಮೂರನೆಯವರು ಯಾಕೆ ಬೆಳೀತಿಲ್ಲ? ಇದಕ್ಕೆ ಯಾರೂ ಉತ್ತರ ಹೇಳ್ಲಿಲ್ಲ.

ಕೆಂಪು ಟೋಪಿ
ಬೆಳೆಯೋಕೆ ಮೆಟ್ಟಿಲು ಬೇಕಲ್ಲ. ನಮ್ಮ ಕಾಲದಲ್ಲಿ ಹುಡುಗ ಕಾಲೇಜು ಸಂಘದ ಚುನಾವಣೆಯಲ್ಲಿ ಮಾತು ಕಲೀತಿದ್ದ, ಆಮೇಲೆ ಮಂಡಲ ಪಂಚಾಯ್ತಿ, ತಾಲ್ಲೂಕು, ಜಿಲ್ಲೆ. ಕಾಲೇಜು ಚುನಾವಣೆ ನಿಂತು ದಶಕಗಳಾದವು. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ ಕೊನೆಯ ಚುನಾವಣೆ ಆಗಿದ್ದು 2016ರಲ್ಲಿ. 2021ಕ್ಕೆ ಅವಧಿ ಮುಗೀತು, ಆಮೇಲೆ ಆಡಳಿತಾಧಿಕಾರಿಗಳ ಕಾಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಬಿಜೆಪಿ ಸರ್ಕಾರವೂ ತಳ್ಳಿತು, ಕಾಂಗ್ರೆಸ್ ಸರ್ಕಾರವೂ ತಳ್ಳಿತು. 2021ರಲ್ಲಿ 25 ವರ್ಷ ಆಗಿದ್ದ ಒಬ್ಬ ಜಡೆಯ ಹುಡುಗ, ಚಂದ್ರಗುತ್ತಿಯ ಹುಡುಗಿ, ಗ್ರಾಮ ಪಂಚಾಯ್ತಿ ದಾಟಿ ಮೇಲೆ ಹತ್ತೋಕೆ ಒಂದು ಚುನಾವಣೆಯೂ ಇಲ್ಲದೆ ಮೂವತ್ತರ ಹತ್ತಿರ ಬಂದಿದಾರೆ. ಗ್ರಾಮ ಪಂಚಾಯ್ತಿಯಿಂದ ನೇರ ವಿಧಾನಸಭೆಗೆ ಹಾರೋಕೆ ಯಾರಿಗೆ ಆಗುತ್ತೆ? ಅಪ್ಪನ ಹೆಸರು ಇದ್ದೋರಿಗೆ ಮಾತ್ರ.

ಹಾಲು ಡೈರಿ ಅಕ್ಕ
ನಮ್ಮೂರ ಡೈರಿ ಸಂಘದಲ್ಲೇ ಇಬ್ಬರು ಹೆಣ್ಮಕ್ಕಳು ಇದಾರೆ, ತಾಲ್ಲೂಕು ಪಂಚಾಯ್ತಿಗೆ ನಿಲ್ಲಬೇಕು ಅಂತ ಕಾದು ಕಾದು ಸಾಕಾಗಿ ಸುಮ್ಮನಾದರು. ಒಬ್ಬಳು ಈಗ ಪಕ್ಷದವರ ಸಭೆಗೂ ಹೋಗಲ್ಲ.

ಅಡಕೆ ಚೀಲ
ಅಂದ್ರೆ ಶಾಸಕರಿಗೂ ಇದರಿಂದ ಲಾಭವೇ. ಕೆಳಗೆ ಯಾರೂ ಬೆಳೀದಿದ್ರೆ ಮೇಲೆ ಯಾರೂ ಕೇಳಲ್ಲ.

ಕೆಂಪು ಟೋಪಿ
ಆ ಮನೆಯವರಿಗೆ ಮಾತ್ರ ಅಲ್ಲ, 224 ಜನರಿಗೂ ಲಾಭ. ಅದಕ್ಕೇ ಯಾವ ಪಕ್ಷದ ಶಾಸಕರೂ ಸದನದಲ್ಲಿ ಈ ವಿಷಯಕ್ಕೆ ಧರಣಿ ಕೂತದ್ದು ನಾನು ಕಂಡಿಲ್ಲ.

ಆನವಟ್ಟಿ ಹುಡುಗ
ಮುಂದಿನ ಸಲ ಸಚಿವರು ಆನವಟ್ಟಿ ಕಡೆ ಬಂದಾಗ ಇದನ್ನೇ ಕೇಳ್ತೀನಿ. ಶಾಲೆ ಕಟ್ಟಡ, ಕೆರೆ ಎಲ್ಲ ಬಿಟ್ಟು, ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವಾಗ ಅಂತ. ಕುಮಾರಣ್ಣ ಬಂದ್ರೂ ಅದನ್ನೇ ಕೇಳ್ತೀನಿ.

ನಿರ್ವಾಹಕ
ಜಿ.ಪಂ., ತಾ.ಪಂ. ಚುನಾವಣೆ ವಿಳಂಬದ ಬಗ್ಗೆ ಬೇರೆ ಎಳೆ ತೆರೆಯುತ್ತಿದ್ದೇನೆ, ಕೋರ್ಟ್ ಪ್ರಕರಣಗಳ ವಿವರ ಇರುವವರು ಅಲ್ಲಿ ಹಾಕಿ. 1978 ಮತ್ತು 1985ರ ಸೊರಬ ಫಲಿತಾಂಶದ ಹಳೇ ಪತ್ರಿಕೆ ತುಣುಕು ಯಾರ ಬಳಿಯಾದರೂ ಇದ್ದರೆ ಇಲ್ಲಿಯೇ ಸೇರಿಸಬಹುದು.

ಮತಪೆಟ್ಟಿಗೆ
1985ರದ್ದು ನನ್ನ ಹತ್ರ ಇದೆ, ಸ್ಕ್ಯಾನ್ ಮಾಡಿ ಹಾಕ್ತೀನಿ. 1978ರದ್ದು ಮೇಷ್ಟ್ರ ಹತ್ರ ಇರಬಹುದು, ಕೇಳಿ.